ವಯಸ್ಸಿನ ದಾಖಲೆ, ಒಪ್ಪಿಗೆಯ ಮಾತು

ಅಮೆರಿಕದಲ್ಲಿ ನಡೆಯುವ ಲೈಂಗಿಕ ಚಿತ್ರಗಳ ಜಾಲತಾಣಗಳ ಪುಟದ ತೀರಾ ಕೆಳಭಾಗದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಅದರಲ್ಲಿ 2257 ಎಂಬ ಅಂಕಿ, ಒಬ್ಬ ವ್ಯಕ್ತಿಯ ಹೆಸರು, ಯಾವುದೋ ಕಟ್ಟಡದ ವಿಳಾಸ. ಈ ಚಿತ್ರದಲ್ಲಿ ಕಾಣುವ ಪ್ರತಿಯೊಬ್ಬರಿಗೂ ಚಿತ್ರೀಕರಣದ ದಿನ ಹದಿನೆಂಟು ವರ್ಷ ತುಂಬಿತ್ತು, ಅದಕ್ಕೆ ಬೇಕಾದ ಪುರಾವೆಯನ್ನು ಈ ವಿಳಾಸದಲ್ಲಿ ಇಡಲಾಗಿದೆ ಎಂದು ಅದರ ಅರ್ಥ. ಆ ಪುಟಕ್ಕೆ ಹೋದವರು ಆ ಸಾಲನ್ನು ಓದುವುದಿಲ್ಲ, ಅವರು ಹೋಗುವುದು ಓದಲಿಕ್ಕಲ್ಲ. ಆದರೆ ಆ ಒಂದು ಸಾಲಿನ ಹಿಂದಿರುವ ಕಾನೂನಿನ ಮೇಲೆ ಅಮೆರಿಕದ ನ್ಯಾಯಾಲಯಗಳಲ್ಲಿ 1989ರಿಂದ 2020ರವರೆಗೆ ಒಂದಲ್ಲ ಒಂದು ಮೊಕದ್ದಮೆ ನಡೆಯುತ್ತಲೇ ಬಂದಿದೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯ ಯಾಕೆ ಎಂದು ಓದುಗರು ಕೇಳಬಹುದು. ಆ ಚಿತ್ರಗಳ ಬಗ್ಗೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವ ಅಗತ್ಯವಿಲ್ಲ. ಮನುಷ್ಯರ ಮೈಯನ್ನು ಸರಕು ಮಾಡಿ ಮಾರುವ ದಂಧೆಯ ಮೇಲೆ ನಮಗೆ ಯಾವ ಗೌರವವೂ ಇಲ್ಲ. ಆದರೆ ನಮಗೆ ಗೌರವವಿಲ್ಲದ ಜನರ ವಿಷಯ ಬಂದಾಗ ನ್ಯಾಯವನ್ನು ಎಷ್ಟು ಬೇಗ ಮರೆಯುತ್ತೇವೆ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ. ಇಲ್ಲಿರುವ ಪ್ರಶ್ನೆ ಹೀಗಿದೆ: ಒಂದು ಮಗುವನ್ನು ಉಳಿಸುವ ಸಲುವಾಗಿ ಸಾವಿರಾರು ವಯಸ್ಕರ ಹೆಸರು ಮತ್ತು ಗುರುತಿನ ಚೀಟಿಯನ್ನು ಕಡ್ಡಾಯವಾಗಿ ಪಡೆದು, ಪೊಲೀಸರು ಬಂದಾಗ ತೆರೆದು ತೋರಿಸು ಎನ್ನುವುದು ಸರಿಯೇ? ಸರಿಯೆಂದೇ ಇಟ್ಟುಕೊಳ್ಳೋಣ, ಹಾಗೆ ಮಾಡಿದರೆ ಮಗು ಉಳಿಯುತ್ತದೆಯೇ?

ಈ ಕಾನೂನು ಹುಟ್ಟಿದ ಕಾಲದಲ್ಲಿ ಅಂತರ್ಜಾಲ ಜನಸಾಮಾನ್ಯರಿಗೆ ಬಂದಿರಲಿಲ್ಲ. ಆಗ ಇದ್ದದ್ದು ವೀಡಿಯೊ ಕ್ಯಾಸೆಟ್ಟು. ಮಕ್ಕಳನ್ನು ಬಳಸಿದ ಲೈಂಗಿಕ ಚಿತ್ರಗಳಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಇಲ್ಲವೇ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1982ರ ಫರ್ಬರ್ ಪ್ರಕರಣದಲ್ಲೇ ಹೇಳಿತ್ತು. ಅದರ ಬಗ್ಗೆ ಅಲ್ಲಿ ಯಾರಿಗೂ ತಕರಾರಿಲ್ಲ. ತೊಡಕು ಎದ್ದದ್ದು 1986ರಲ್ಲಿ. ಕ್ಯಾಲಿಫೋರ್ನಿಯಾದ ನೀಲಿ ಚಿತ್ರಗಳಲ್ಲಿ ಬಹಳ ಹೆಸರು ಮಾಡಿದ್ದ ಒಬ್ಬ ನಟಿ ಆ ಕೆಲಸಕ್ಕೆ ಬಂದಾಗ ಹದಿನೆಂಟು ತುಂಬದ ಹುಡುಗಿಯಾಗಿದ್ದಳು ಎಂಬ ಸಂಗತಿ ಆಗ ಹೊರಬಿತ್ತು. ಅಂಗಡಿಗಳಿಂದ ಆಕೆಯ ಕ್ಯಾಸೆಟ್ಟುಗಳನ್ನು ರಾತ್ರೋರಾತ್ರಿ ತೆಗೆಸಿದರು, ತಯಾರಕರ ಮೇಲೆ ಕೇಸು ಬಿತ್ತು. ಆಕೆಯ ಹೆಸರು ಜಗತ್ತಿಗೇ ಗೊತ್ತಿದೆ. ಆದರೂ ಅದನ್ನು ಇಲ್ಲಿ ಬರೆಯುವುದು ಬೇಡವೆನಿಸುತ್ತದೆ.

ಈ ಘಟನೆಯಲ್ಲಿ ಒಂದು ವಿವರವನ್ನು ನೆನಪಿಟ್ಟುಕೊಳ್ಳಬೇಕು. ಆ ಹುಡುಗಿಯ ಕೈಯಲ್ಲಿ ಗುರುತಿನ ಚೀಟಿ ಇತ್ತು. ಅವಳದಲ್ಲದ ಜನ್ಮ ಪ್ರಮಾಣಪತ್ರವನ್ನು ತೋರಿಸಿ ಪಡೆದ, ಆದರೆ ಸರ್ಕಾರವೇ ಕೊಟ್ಟ ಚೀಟಿ. ಅಂದರೆ ನಾವು ಈಗ ಚರ್ಚಿಸಲಿರುವ ಕಾನೂನು ಅಂದೇ ಇದ್ದಿದ್ದರೂ ತಯಾರಕ ಆ ಚೀಟಿಯ ನಕಲು ತೆಗೆದು ಕಡತದಲ್ಲಿಟ್ಟು ನೆಮ್ಮದಿಯಾಗಿ ಚಿತ್ರೀಕರಣ ಮುಂದುವರಿಸಬಹುದಿತ್ತು. ಯಾವ ಅನ್ಯಾಯ ಈ ಕಾನೂನಿಗೆ ದಾರಿ ಮಾಡಿತೋ ಆ ಅನ್ಯಾಯವನ್ನು ಈ ಕಾನೂನು ತಡೆಯುತ್ತಿರಲಿಲ್ಲ.

ಅದೇ 1986ರ ಜುಲೈನಲ್ಲಿ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ನೇಮಿಸಿದ್ದ ಆಯೋಗ ತನ್ನ ದೊಡ್ಡ ವರದಿಯನ್ನು ಕೊಟ್ಟಿತು. ಅದರ ಶಿಫಾರಸುಗಳಲ್ಲಿ ಒಂದು, ಇಂಥ ಚಿತ್ರಗಳನ್ನು ತಯಾರಿಸುವವರೂ ಮಾರುವವರೂ ನಟರ ವಯಸ್ಸಿನ ಪುರಾವೆಯನ್ನೂ ಅವರ ಒಪ್ಪಿಗೆ ಪತ್ರವನ್ನೂ ಇಟ್ಟುಕೊಳ್ಳಬೇಕು ಎಂಬುದು. ಎರಡು ವರ್ಷಗಳ ನಂತರ, 1988ರಲ್ಲಿ, ಅಮೆರಿಕದ ಸಂಸತ್ತು ಕಾಯಿದೆ ಮಾಡಿದಾಗ ವಯಸ್ಸು ಉಳಿಯಿತು, ಒಪ್ಪಿಗೆ ಬಿದ್ದುಹೋಯಿತು. ಈ ವ್ಯಾಜ್ಯದ ಸಾವಿರಾರು ಪುಟಗಳಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ಸಣ್ಣ ಸಂಗತಿ. ಅದಕ್ಕೆ ಮುಂದೆ ಬರುತ್ತೇವೆ.

2257ನೇ ಕಲಂ ಮತ್ತು ಅದರಡಿ ನ್ಯಾಯ ಇಲಾಖೆ ಮಾಡಿದ ನಿಯಮಗಳು ಹೇಳುವುದೇನು? ನಟಿಸುವ ಪ್ರತಿಯೊಬ್ಬರ ಸರ್ಕಾರಿ ಗುರುತಿನ ಚೀಟಿಯನ್ನು ನೋಡಬೇಕು, ನಕಲು ಇಟ್ಟುಕೊಳ್ಳಬೇಕು. ಅವರ ನಿಜ ಹೆಸರು, ಹುಟ್ಟಿದ ತಾರೀಖು, ಜೊತೆಗೆ ಅವರು ಎಂದಾದರೂ ಬಳಸಿದ ಇತರ ಎಲ್ಲ ಹೆಸರುಗಳು, ಎಂದರೆ ಮದುವೆಗೆ ಮುಂಚಿನ ಹೆಸರು, ಅಡ್ಡ ಹೆಸರು, ತೆರೆಯ ಮೇಲಿನ ಹೆಸರು, ಇವನ್ನೆಲ್ಲ ಪಟ್ಟಿ ಮಾಡಬೇಕು. ಯಾವ ಹೆಸರಿನಿಂದ ಹುಡುಕಿದರೂ ಸಿಗುವಂತೆ ಕಡತವನ್ನು ಜೋಡಿಸಿ, ಬೇರೆ ಕಾಗದಗಳೊಂದಿಗೆ ಬೆರೆಯದಂತೆ ಏಳು ವರ್ಷ ಕಾಪಾಡಬೇಕು. ಪ್ರತಿಯೊಂದು ಚಿತ್ರದ ಮೇಲೂ ಕಡತ ಎಲ್ಲಿದೆ ಎಂಬ ಸೂಚನೆ ಹಾಕಬೇಕು. ವಾರಕ್ಕೆ ಕನಿಷ್ಠ 20 ಗಂಟೆ ಅದು ತಪಾಸಣೆಗೆ ತೆರೆದಿರಬೇಕು. ತಪಾಸಣೆಗೆ ಬರುವವರು ಮುಂಚಿತವಾಗಿ ತಿಳಿಸಬೇಕಾಗಿಲ್ಲ, ಅವರಿಗೆ ವಾರಂಟೂ ಬೇಕಾಗಿಲ್ಲ. ತಪ್ಪಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಚಿತ್ರದಲ್ಲಿರುವವರೆಲ್ಲ ಐವತ್ತು ದಾಟಿದವರೇ ಆಗಿದ್ದರೂ ಕಾಗದ ಸರಿಯಿಲ್ಲದಿದ್ದರೆ ಅಪರಾಧ ಅಪರಾಧವೇ.

ಉರ್ದುವನ್ನೂ ಕನ್ನಡವನ್ನೂ ಓದಿ ಬೆಳೆದ ನಮಗೆ 'ದಾಖಲೆ' ಎಂಬ ಮಾತು ಎದುರಾದಾಗಲೆಲ್ಲ ಅದರ ಹುಟ್ಟು ನೆನಪಿಗೆ ಬರುತ್ತದೆ. ಅದರ ಅರಬಿ ಮೂಲದ ಅರ್ಥ ಒಳಹೊಗುವುದು ಎಂದು. ಮಗುವನ್ನು ಶಾಲೆಗೆ ದಾಖಲು ಮಾಡುತ್ತೇವೆ, ರಿಜಿಸ್ಟರಿನಲ್ಲಿ ಹೆಸರು ದಾಖಲಾಗುತ್ತದೆ. ಉರ್ದುವಿನಲ್ಲಿ 'ದಖಲ್ ದೇನಾ' ಎಂದರೆ ಇನ್ನೊಬ್ಬರ ವಿಷಯದಲ್ಲಿ ಕೈಹಾಕುವುದು. ಹೆಸರು ಪುಸ್ತಕದೊಳಗೆ ಹೋಗುವುದು, ಅಧಿಕಾರಿ ಮನೆಯೊಳಗೆ ಬರುವುದು, ಎರಡಕ್ಕೂ ಒಂದೇ ಬೇರು. ಅಮೆರಿಕದ ವಕೀಲರು ಈ ಪದಮೂಲವನ್ನು ಅರಿಯದೆಯೇ ಅದರ ಎರಡೂ ಅರ್ಥಗಳನ್ನು ಹಿಡಿದು ವಾದಿಸಿದ್ದಾರೆ. ಸಂವಿಧಾನದ ಮೊದಲ ತಿದ್ದುಪಡಿಯಡಿ ವಾಕ್‌ ಸ್ವಾತಂತ್ರ್ಯದ ವಾದ, ನಾಲ್ಕನೇ ತಿದ್ದುಪಡಿಯಡಿ ಮನೆಯೊಳಗೆ ನುಗ್ಗಬಾರದೆಂಬ ವಾದ.

ಮೊದಲು ನ್ಯಾಯಾಲಯಕ್ಕೆ ಹೋದವರ ಸಾಲಿನ ಮುಂದೆ ನಿಂತದ್ದು ನೀಲಿ ಚಿತ್ರದವರಲ್ಲ, ಅಮೆರಿಕದ ಗ್ರಂಥಾಲಯ ಸಂಘ. ಕಾಯಿದೆಯ ಮೊದಲ ರೂಪದಲ್ಲಿ ದಾಖಲೆ ಇಲ್ಲದಿದ್ದರೆ ಚಿತ್ರದಲ್ಲಿರುವ ವ್ಯಕ್ತಿ ಅಪ್ರಾಪ್ತ ವಯಸ್ಸಿನವನೇ ಎಂದು ಭಾವಿಸಲಾಗುತ್ತದೆ ಎಂಬ ಮಾತಿತ್ತು. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು. 1989ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಕಾಯಿದೆಗೆ ತಡೆ ಹಾಕಿತು. ಸಂಸತ್ತು 1990ರಲ್ಲಿ ಆ ಭಾವನೆಯ ಮಾತನ್ನು ತೆಗೆದು ಕಾಯಿದೆಯನ್ನು ತಿದ್ದಿತು. ತಿದ್ದಿದ ರೂಪವನ್ನು 1994ರಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮಟ್ಟಿಗೆ ಎತ್ತಿಹಿಡಿಯಿತು.

ಇಲ್ಲಿ ಸರ್ಕಾರದ ವಾದವನ್ನು ಹಗುರವಾಗಿ ನೋಡಬಾರದು. ಹದಿನೇಳರ ಹುಡುಗಿಗೂ ಹತ್ತೊಂಬತ್ತರ ಹುಡುಗಿಗೂ ನೋಡಿದ ಮಾತ್ರಕ್ಕೆ ವ್ಯತ್ಯಾಸ ಹೇಳಲು ವೈದ್ಯರಿಗೂ ಸಾಧ್ಯವಿಲ್ಲ. 'ನೋಡಲಿಕ್ಕೆ ದೊಡ್ಡವಳಂತೆ ಇದ್ದಳು' ಎಂಬುದು ಇಂಥ ಪ್ರಕರಣಗಳಲ್ಲಿ ಆರೋಪಿಗಳು ಸದಾ ಹೇಳಿಕೊಂಡು ಬಂದ ನೆಪ. ಕೇಳುವುದು ಕಡ್ಡಾಯವಾದಾಗ ಆ ನೆಪ ಸತ್ತುಹೋಗುತ್ತದೆ. 2006ರಲ್ಲಿ, ಕಡಲತೀರಗಳಲ್ಲಿ ಕುಡಿದು ನಲಿಯುವ ಕಾಲೇಜು ಹುಡುಗಿಯರನ್ನು ಚಿತ್ರೀಕರಿಸಿ ಮಾರುತ್ತಿದ್ದ 'ಗರ್ಲ್ಸ್ ಗಾನ್ ವೈಲ್ಡ್' ಎಂಬ ಸರಣಿಯ ಕಂಪನಿ ಈ ಕಲಮಿನಡಿ ತಪ್ಪೊಪ್ಪಿಕೊಂಡಿತು. ಅದರ ಚಿತ್ರಗಳಲ್ಲಿ ಅಪ್ರಾಪ್ತ ಹುಡುಗಿಯರಿದ್ದರು, ದಾಖಲೆ ಇರಲಿಲ್ಲ. ಒಟ್ಟು 21 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಕಾನೂನು ನಿಷ್ಪ್ರಯೋಜಕ ಎನ್ನುವವರಿಗೆ ಇದು ಉತ್ತರ. ಕ್ಯಾಮೆರಾ ಹಿಡಿದವನು ಆ ರಾತ್ರಿ ಒಂದು ಚೀಟಿ ಕೇಳಿದ್ದರೆ ಒಬ್ಬ ಹುಡುಗಿಯಾದರೂ ಮನೆಗೆ ಹೋಗುತ್ತಿದ್ದಳು.

ಆದರೆ ಕೇಳುವುದು ಬೇರೆ, ಕೇಳಿದ್ದನ್ನು ಎಲ್ಲರ ಕೈಗೂ ದಾಟಿಸುವುದು ಬೇರೆ. ಅಂತರ್ಜಾಲ ಬಂದ ಮೇಲೆ ತೊಡಕು ಬೆಳೆದದ್ದು ಇಲ್ಲೇ. ಚಿತ್ರ ತೆಗೆದವನು ಒಬ್ಬ, ಅದನ್ನು ಕೊಂಡು ತನ್ನ ಪುಟದಲ್ಲಿ ಹಾಕುವವರು ನೂರು ಮಂದಿ. ಈ ನೂರು ಮಂದಿಯೂ 'ಎರಡನೇ ಹಂತದ ತಯಾರಕರು', ಅವರೂ ದಾಖಲೆ ಇಡಬೇಕು ಎಂದಿತು ಸರ್ಕಾರ. 1998ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, ಇದು ಕಾಯಿದೆಯ ಮಾತನ್ನು ಮೀರಿದ ನಿಯಮ ಎಂದು ತಳ್ಳಿಹಾಕಿತು. 2005ರ ಹೊಸ ನಿಯಮಾವಳಿಯಲ್ಲಿ ಸರ್ಕಾರ ಅದನ್ನೇ ಜಾಲತಾಣಗಳಿಗೆ ಅನ್ವಯಿಸುವಂತೆ ಮತ್ತೆ ತಂದಿತು. ಆ ಉದ್ಯಮದ ಸಂಘವಾದ 'ಫ್ರೀ ಸ್ಪೀಚ್ ಕೊಯಲಿಷನ್' ಕೊಲರಾಡೊದ ನ್ಯಾಯಾಲಯಕ್ಕೆ ಹೋಗಿ ಆ ವರ್ಷದ ಕೊನೆಗೆ ಭಾಗಶಃ ತಡೆಯಾಜ್ಞೆ ತಂದಿತು. 2006ರಲ್ಲಿ ಸಂಸತ್ತು ಆಡಂ ವಾಲ್ಶ್ ಕಾಯಿದೆಯ ಮೂಲಕ ಮೂಲ ಕಲಮನ್ನೇ ತಿದ್ದಿ ಆ ಬಾಗಿಲನ್ನೂ ಮುಚ್ಚಿತು.

ಹೀಗಾದಾಗ ಒಬ್ಬಳ ಗುರುತಿನ ಚೀಟಿಯ ನಕಲು, ಅವಳು ಎಂದೂ ನೋಡದ ನೂರಾರು ಜನರ ಕಪಾಟಿಗೆ, ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಮನೆ ವಿಳಾಸವನ್ನು ಅಳಿಸಿ ದಾಟಿಸಬಹುದು ಎಂಬ ಅನುಮತಿ ಬಂದದ್ದು 2008ರ ನಿಯಮಗಳಲ್ಲಿ. ಇದರಲ್ಲಿ ಭಯಪಡುವುದೇನಿದೆ ಎನ್ನುವವರು 2011ರಲ್ಲಿ ನಡೆದದ್ದನ್ನು ನೋಡಬೇಕು. ಈ ನಟರ ಆರೋಗ್ಯ ತಪಾಸಣೆ ಮಾಡುತ್ತಿದ್ದ ಲಾಸ್ ಏಂಜಲೀಸ್ ಬಳಿಯ ಚಿಕಿತ್ಸಾಲಯವೊಂದರ ಮಾಹಿತಿ ಸೋರಿ, ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ನಿಜ ಹೆಸರುಗಳು ಒಂದು ಜಾಲತಾಣದಲ್ಲಿ ಬಯಲಾದವು. ಅದು 2257ರ ಕಡತವಲ್ಲ, ನಿಜ. ಆದರೆ ತೆರೆಯ ಹೆಸರನ್ನೂ ಮನೆಯ ಹೆಸರನ್ನೂ ಅಕ್ಕಪಕ್ಕ ಬರೆದಿಟ್ಟ ಪುಸ್ತಕ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಥೆ ಬರೆಯುವ ನಮಗೆ ಹೆಸರು ಬದಲಿಸುವುದು ದಿನದ ಕೆಲಸ, ಒಂದು ಪಾತ್ರಕ್ಕೆ ಬೇರೆ ಹೆಸರಿಟ್ಟರೆ ಆ ಪಾತ್ರದ ಹಿಂದಿರುವ ಮನುಷ್ಯ ನಿದ್ದೆ ಮಾಡಬಹುದು. ಆ ಕೆಲಸವನ್ನು ಬಿಟ್ಟು, ಬೇರೆ ಊರಿಗೆ ಹೋಗಿ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ಹೆಂಗಸಿಗೆ ಆ ಎರಡನೇ ಹೆಸರೇ ಬದುಕು.

ಇನ್ನೊಂದು ಮೊಕದ್ದಮೆಯ ಫಿರ್ಯಾದಿ ಓಹಿಯೊದ ಕನೆಕ್ಷನ್ ಡಿಸ್ಟ್ರಿಬ್ಯೂಟಿಂಗ್ ಎಂಬ ಪ್ರಕಾಶಕ ಸಂಸ್ಥೆ. ಸಂಗಾತಿಗಳನ್ನು ಅದಲು ಬದಲು ಮಾಡಿಕೊಳ್ಳುವ ವಯಸ್ಕರು ತಮ್ಮದೇ ಚಿತ್ರ ಕಳುಹಿಸಿ ಜಾಹೀರಾತು ಕೊಡುವ ಪತ್ರಿಕೆಗಳು ಅದರವು. ಇಂಥ ಪತ್ರಿಕೆಯ ಪರವಾಗಿ ನಮ್ಮ ಓದುಗರ ಮನಸ್ಸಿನಲ್ಲಿ ಯಾವ ಕರುಣೆಯೂ ಹುಟ್ಟುವುದಿಲ್ಲವೆಂದು ಗೊತ್ತಿದೆ, ನಮ್ಮಲ್ಲೂ ಹುಟ್ಟಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಗಟ್ಟಿಯಾಗಿತ್ತು. ಚಿತ್ರ ಕಳುಹಿಸುವವರು ನಡುವಯಸ್ಸಿನ ಗಂಡ ಹೆಂಡಿರು, ಹೆಸರು ಹೇಳಬೇಕಾದರೆ ಕಳುಹಿಸುವುದೇ ಇಲ್ಲ. ಮಕ್ಕಳ ರಕ್ಷಣೆಗೆಂದು ಮಾಡಿದ ಕಾನೂನು ಮಕ್ಕಳೇ ಇಲ್ಲದ ಕಡೆಯಲ್ಲಿ ಬಾಯಿ ಕಟ್ಟುತ್ತಿದೆ ಎಂಬುದು ವಾದ. 2007ರ ಅಕ್ಟೋಬರಿನಲ್ಲಿ ಆರನೇ ವಲಯದ ಮೇಲ್ಮನವಿ ನ್ಯಾಯಾಲಯದ ಪೀಠವೊಂದು ಇಡೀ ಕಲಮೇ ಸಂವಿಧಾನಬಾಹಿರ ಎಂದು ಘೋಷಿಸಿತು. ಮನೆಯೊಳಗೆ ತಮ್ಮ ಪಾಡಿಗೆ ತಾವು ಚಿತ್ರ ತೆಗೆದುಕೊಳ್ಳುವ ಗಂಡ ಹೆಂಡಿರೂ ಇದರ ಬಲೆಗೆ ಬೀಳುತ್ತಾರಲ್ಲ ಎಂಬ ಆತಂಕ ಆ ತೀರ್ಪಿನಲ್ಲಿತ್ತು. ಒಂದೂವರೆ ವರ್ಷವೂ ಕಳೆದಿರಲಿಲ್ಲ, 2009ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯದ ಪೂರ್ಣ ಪೀಠ ಅದನ್ನು ತಿರುಗಿಸಿ ಕಾನೂನನ್ನು ಉಳಿಸಿತು.

ಪೊಲೀಸರ ಭೇಟಿಯ ಕಥೆ ಸ್ವಲ್ಪ ವಿಚಿತ್ರ. 1988ರಲ್ಲಿ ಮಾಡಿದ ಕಾಯಿದೆಯಡಿ ಎಫ್‌ಬಿಐ ತಪಾಸಣೆ ಆರಂಭಿಸಿದ್ದು 2006ರಲ್ಲಿ. 2007ರವರೆಗೆ 29 ತಪಾಸಣೆ ಮಾಡಿ ನಿಲ್ಲಿಸಿಬಿಟ್ಟಿತು. ಅಷ್ಟು ದೊಡ್ಡ ಉದ್ಯಮ, ಅಷ್ಟು ಕಡತ, ಇಪ್ಪತ್ತೊಂಬತ್ತು ಭೇಟಿ! ಬರೆದಿಟ್ಟವರ ಹೆಸರು ಮಾತ್ರ ಉಳಿಯಿತು, ಓದಬೇಕಾದವರು ಓದಲಿಲ್ಲ. ಹಾಗೆ ಬಂದವರೂ ಕೆಲವು ಕಡೆ ಹೋದದ್ದು ಮನೆಗಳಿಗೆ, ಏಕೆಂದರೆ ಸಣ್ಣ ತಯಾರಕರಿಗೆ ಮನೆಯೇ ಕಚೇರಿ. ಮಾದಕ ವಸ್ತು ಮಾರುವವನ ಮನೆ ಹೊಗಲು ವಾರಂಟು ಬೇಕಾದ ದೇಶದಲ್ಲಿ, ವಯಸ್ಸಿನ ಕಾಗದ ನೋಡಲು ಅದು ಬೇಡವೆಂದರೆ ಅದಕ್ಕೆ ಕಾರಣ ಒಂದೇ: ಈ ಜನರ ಪರವಾಗಿ ಯಾರೂ ದನಿ ಎತ್ತುವುದಿಲ್ಲ ಎಂಬ ಧೈರ್ಯ.

ದನಿ ಎತ್ತಿದರು. 2009ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಅದೇ ಸಂಘ ಇನ್ನೊಂದು ಮೊಕದ್ದಮೆ ಹೂಡಿತು. ಈ ಸಲ ಜೊತೆಯಲ್ಲಿ ನಗ್ನತೆಯನ್ನೂ ಕಾಮವನ್ನೂ ಕಲೆಯ ವಸ್ತುವಾಗಿ ತೆಗೆದುಕೊಂಡ ಛಾಯಾಗ್ರಾಹಕರಿದ್ದರು, ಲೈಂಗಿಕ ಶಿಕ್ಷಣದ ಕೆಲಸ ಮಾಡುತ್ತಿದ್ದ ಹಿರಿಯ ಮಹಿಳೆ ಬೆಟ್ಟಿ ಡಾಡ್ಸನ್ ಇದ್ದರು. ನ್ಯಾಯಾಧೀಶ ಮೈಕಲ್ ಬೇಲ್ಸನ್ 2010ರಲ್ಲಿ ಮೊಕದ್ದಮೆಯನ್ನು ವಜಾ ಮಾಡಿದರು, 2012ರಲ್ಲಿ ಮೂರನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ಮರಳಿ ಜೀವಂತಗೊಳಿಸಿತು. 2013ರಲ್ಲಿ ಸಾಕ್ಷಿ ವಿಚಾರಣೆ ನಡೆದು, ವಾರಂಟಿಲ್ಲದೆ ಮನೆಗಳ ತಪಾಸಣೆ ಸಲ್ಲದು, ಉಳಿದದ್ದು ಬಹುಮಟ್ಟಿಗೆ ಸರಿ ಎಂಬ ತೀರ್ಪು ಬಂತು. 2015-16ರಲ್ಲಿ ಮೇಲ್ಮನವಿ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ವಾರಂಟಿಲ್ಲದ ತಪಾಸಣೆಯ ವ್ಯವಸ್ಥೆಯೇ ಸಂವಿಧಾನಬಾಹಿರ ಎಂದಿತು. ಆ ನಡುವೆ 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅರಿಜೋನಾದ ಒಂದು ಊರಿನ ಫಲಕಗಳ ವಿಷಯದಲ್ಲಿ ಕೊಟ್ಟ ತೀರ್ಪು ಈ ಮೊಕದ್ದಮೆಯ ದಿಕ್ಕನ್ನೇ ಬದಲಿಸಿತು. ಮಾತಿನ ವಸ್ತು ಯಾವುದೆಂದು ನೋಡಿ ಹಾಕುವ ನಿರ್ಬಂಧ ಎಂಥದೇ ಆಗಲಿ, ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾಗಬೇಕು ಎಂಬುದು ಅದರ ಸಾರ. ಚರ್ಚಿನ ಸಭೆಗೆ ದಾರಿ ತೋರಿಸುವ ಫಲಕದ ಜಗಳ ನೀಲಿ ಚಿತ್ರದವರ ನೆರವಿಗೆ ಬಂತು. ಕಾನೂನಿನ ಲೋಕದಲ್ಲಿ ಇಂಥ ನೆಂಟಸ್ತಿಕೆಗಳು ನಡೆಯುತ್ತವೆ.

ಆ ಕಠಿಣ ಪರೀಕ್ಷೆಯ ಕೊನೆಯ ಉತ್ತರ ಬಂದದ್ದು 2020ರ ಸೆಪ್ಟೆಂಬರ್ 1ರಂದು. ಚಿತ್ರದಲ್ಲಿರುವವರು ಪ್ರೌಢ ವಯಸ್ಸಿನವರೆಂಬುದು ಕಣ್ಣಿಗೇ ಕಾಣುವಾಗ ಅವರ ಮೇಲೂ ಇದೇ ಭಾರ ಹೊರಿಸುವುದು ಮಕ್ಕಳ ರಕ್ಷಣೆಗೆ ಏನನ್ನೂ ಸೇರಿಸುವುದಿಲ್ಲ, ಹಾಗಾಗಿ ಅಂಥ ಕೆಲವು ಅರ್ಜಿದಾರರ ಮಟ್ಟಿಗೆ ಚೀಟಿ ನೋಡುವ, ಕಡತ ಇಡುವ, ಸೂಚನೆ ಅಂಟಿಸುವ ನಿಯಮಗಳು ಅನ್ವಯಿಸುವುದಿಲ್ಲ ಎಂದಿತು ಮೂರನೇ ವಲಯದ ನ್ಯಾಯಾಲಯ. ಇಡೀ ಕಾನೂನನ್ನು ರದ್ದು ಮಾಡಲು ಮಾತ್ರ ಒಪ್ಪಲಿಲ್ಲ. ನಮ್ಮ ಮಟ್ಟಿಗೆ ಇದು ವಿವೇಕದ ತೀರ್ಪು. ಅನುಮಾನ ಇರುವ ಕಡೆ ಕೇಳು, ಅನುಮಾನಕ್ಕೆ ಎಡೆಯೇ ಇಲ್ಲದ ಕಡೆ ಪುಸ್ತಕ ತುಂಬಿಸಬೇಡ. ಇಷ್ಟನ್ನು ಹೇಳಲು ಹನ್ನೊಂದು ವರ್ಷ ಹಿಡಿಯಿತು.

ಈಗ, ಬಿದ್ದುಹೋದ ಆ ಮಾತಿಗೆ ಬರೋಣ. ಸರ್ಕಾರ ಮಗುವಿನ ಹೆಸರಿನಲ್ಲಿ ಮಾತಾಡಿತು, ಉದ್ಯಮ ವಾಕ್‌ ಸ್ವಾತಂತ್ರ್ಯದ ಹೆಸರಿನಲ್ಲಿ ಮಾತಾಡಿತು. ಗುರುತಿನ ಚೀಟಿ ಯಾರದೋ ಆ ಹೆಂಗಸು ಏನೆನ್ನುತ್ತಾಳೆ ಎಂಬುದು, ಒಬ್ಬಿಬ್ಬರು ನಟಿಯರ ಹೇಳಿಕೆಯನ್ನು ಬಿಟ್ಟರೆ, ಈ ಮೂವತ್ತು ವರ್ಷಗಳ ಕಾಗದಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅವಳಿಗೆ ಎಷ್ಟು ವರ್ಷ ಎಂದು ಕಾನೂನು ಕೇಳಿತು. ನಿನಗೆ ಇದು ಒಪ್ಪಿಗೆಯೇ ಎಂದು ಕೇಳಲಿಲ್ಲ.

ಸ್ಯಾನ್ ಡಿಯಾಗೊದಲ್ಲಿ ನಡೆದದ್ದನ್ನು ನೋಡಿ. ಅಲ್ಲಿಯ ಜಾಲತಾಣವೊಂದು ಹದಿನೆಂಟರಿಂದ ಇಪ್ಪತ್ತರ ಆಸುಪಾಸಿನ ಹುಡುಗಿಯರನ್ನು ಮಾಡೆಲಿಂಗ್ ಕೆಲಸವೆಂದು ಜಾಹೀರಾತು ಕೊಟ್ಟು ಕರೆಸುತ್ತಿತ್ತು. ಬಂದ ಮೇಲೆ, ಇದು ಡಿವಿಡಿಯಲ್ಲಿ ದೂರದ ಬೇರೆ ದೇಶಕ್ಕೆ ಹೋಗುತ್ತದೆ, ಅಂತರ್ಜಾಲಕ್ಕೆ ಬರುವುದೇ ಇಲ್ಲ ಎಂದು ನಂಬಿಸುತ್ತಿತ್ತು. ಕೆಲವೇ ವಾರಗಳಲ್ಲಿ ಆ ಚಿತ್ರ ಊರಿನವರ, ಕಾಲೇಜಿನವರ, ತಂದೆತಾಯಿಯ ಫೋನಿನಲ್ಲಿರುತ್ತಿತ್ತು. ಇಪ್ಪತ್ತೆರಡು ಹೆಣ್ಣುಮಕ್ಕಳು ಮೊಕದ್ದಮೆ ಹೂಡಿ ಹೋರಾಡಿದರು, 2020ರ ಜನವರಿಯಲ್ಲಿ ನ್ಯಾಯಾಲಯ ಅವರಿಗೆ ಸುಮಾರು 1 ಕೋಟಿ 28 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಆ ತಾಣವನ್ನು ನಡೆಸಿದವನಿಗೆ 2025ರಲ್ಲಿ 27 ವರ್ಷದ ಸಜೆಯಾಯಿತು. ಆ ಹುಡುಗಿಯರೆಲ್ಲ ಪ್ರಾಪ್ತ ವಯಸ್ಕರು. ವಯಸ್ಸಿನ ಪ್ರಶ್ನೆಯೊಂದನ್ನೇ ಕೇಳುವ ಕಾನೂನಿಗೆ ಅವರ ವಿಷಯದಲ್ಲಿ ಕೇಳುವುದು ಏನೂ ಉಳಿದಿರಲಿಲ್ಲ.

ಹಾಗಾದರೆ ಮೀಸ್ ಆಯೋಗ ಹೇಳಿದಂತೆ ಒಪ್ಪಿಗೆ ಪತ್ರವನ್ನೂ ಕಡ್ಡಾಯ ಮಾಡಿದ್ದರೆ? ಅಷ್ಟು ಸುಲಭವಿಲ್ಲ. ಸ್ಯಾನ್ ಡಿಯಾಗೊದ ಹುಡುಗಿಯರ ಸಹಿಯೂ ಕರಾರು ಪತ್ರದ ಮೇಲಿತ್ತು. ಅವಸರ ಮಾಡಿ, ಸುಳ್ಳು ಹೇಳಿ ಹಾಕಿಸಿಕೊಂಡ ಸಹಿ. ಹುಟ್ಟಿದ ತಾರೀಖು ಒಮ್ಮೆ ಬರೆದರೆ ಮತ್ತೆ ಬದಲಾಗುವುದಿಲ್ಲ. ಒಪ್ಪಿಗೆ ಹಾಗಲ್ಲ, ಬೆಳಿಗ್ಗೆ ಇದ್ದದ್ದು ಸಂಜೆ ಇರಲಿಕ್ಕಿಲ್ಲ, ಒಂದು ಮಾತಿಗೆ ಕೊಟ್ಟದ್ದನ್ನು ಇನ್ನೊಂದು ಮಾತಿಗೆ ಕೊಟ್ಟಂತಾಗುವುದಿಲ್ಲ. ಸಂಸತ್ತು ವಯಸ್ಸನ್ನು ಉಳಿಸಿಕೊಂಡು ಒಪ್ಪಿಗೆಯನ್ನು ಬಿಟ್ಟದ್ದು ಬಹುಶಃ ಇದೇ ಕಾರಣಕ್ಕಿರಬಹುದು ಎಂದು ನಮ್ಮ ಊಹೆ. ಎಣಿಸಲು ಬರುವುದನ್ನು ಕಾನೂನು ಹಿಡಿದುಕೊಂಡಿತು. ಅದನ್ನು ಕ್ಷಮಿಸಬಹುದು. ಕಾಗದ ಸರಿಯಿದೆ ಎಂದ ಮೇಲೆ ಎಲ್ಲವೂ ಸರಿಯಿದೆ ಎಂದು ನಂಬುವ ಅಭ್ಯಾಸ ಬೆಳೆಯಿತಲ್ಲ, ಅದನ್ನು ಕ್ಷಮಿಸುವುದು ಕಷ್ಟ.

ಇದಕ್ಕಿಂತ ದೊಡ್ಡ ಕಿಂಡಿ ಕಾನೂನಿನೊಳಗೇ ಇತ್ತು. ಬೇರೆಯವರು ಹಾಕಿದ್ದನ್ನು ಆರಿಸದೆ, ತಿದ್ದದೆ, ಸುಮ್ಮನೆ ಜಾಗ ಕೊಟ್ಟು ತೋರಿಸುವ ತಾಣಗಳು 'ತಯಾರಕರು' ಎನಿಸಿಕೊಳ್ಳುವುದಿಲ್ಲ. ಹಾಗಾಗಿ ಐವತ್ತು ದಾಟಿದವರ ಚಿತ್ರ ತೆಗೆಯುವ ಛಾಯಾಗ್ರಾಹಕಿ ಜೈಲಿನ ಭಯದಲ್ಲಿ ಕಡತ ಕಟ್ಟುತ್ತಿದ್ದ ಕಾಲದಲ್ಲೇ, ಯಾರು ಬೇಕಾದರೂ ಏನನ್ನು ಬೇಕಾದರೂ ಹಾಕಬಹುದಾದ ದೈತ್ಯ ತಾಣಗಳು ಒಂದು ಚೀಟಿಯನ್ನೂ ಕೇಳದೆ ಬೆಳೆದವು. 2020ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ನಿಕೊಲಸ್ ಕ್ರಿಸ್ಟಾಫ್, ಅಂಥ ಅತಿ ದೊಡ್ಡ ತಾಣವೊಂದರಲ್ಲಿ ಅಪ್ರಾಪ್ತ ಹುಡುಗಿಯರ ಚಿತ್ರಗಳು ಹೇಗೆ ಮತ್ತೆ ಮತ್ತೆ ಬರುತ್ತವೆ, ತೆಗೆಸಲು ಅವರು ಹೇಗೆ ಪರದಾಡುತ್ತಾರೆ ಎಂದು ಬರೆದರು. ತಾಣದ ಹೆಸರು ಇಲ್ಲಿ ಬೇಡ, ಅದಕ್ಕೆ ಪ್ರಚಾರದ ಕೊರತೆಯಿಲ್ಲ. ಕೆಲವೇ ದಿನಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಹಣ ಪಾವತಿಯನ್ನು ನಿಲ್ಲಿಸಿದವು. ಕೂಡಲೇ ಆ ತಾಣ, ಯಾರು ಹಾಕಿದರೆಂದು ಪರಿಶೀಲಿಸಿರದ ವೀಡಿಯೊಗಳನ್ನೆಲ್ಲ ಕಿತ್ತುಹಾಕಿತು. ಒಂದು ಕೋಟಿಯ ಆಸುಪಾಸಿನ ವೀಡಿಯೊಗಳು, ಅದರ ಭಂಡಾರದ ಬಹುಪಾಲು. ಮೂವತ್ತೆರಡು ವರ್ಷದ ಕಾಯಿದೆ ಮಾಡಿಸಲಾಗದ್ದನ್ನು ಎರಡು ಕಾರ್ಡ್ ಕಂಪನಿಗಳು ಒಂದು ವಾರದಲ್ಲಿ ಮಾಡಿಸಿದವು. ಇದರಲ್ಲಿ ಸಂತೋಷಪಡುವುದೋ ನಾಚಿಕೊಳ್ಳುವುದೋ ತಿಳಿಯುವುದಿಲ್ಲ.

2025ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಬಂದ ಇನ್ನೊಂದು ಕಾಯಿದೆ, 'ಟೇಕ್ ಇಟ್ ಡೌನ್', ಬೇರೆ ತುದಿಯಿಂದ ಹೊರಡುತ್ತದೆ. ಒಪ್ಪಿಗೆಯಿಲ್ಲದೆ ಹಾಕಿದ ನನ್ನ ಖಾಸಗಿ ಚಿತ್ರ ಇದು ಎಂದು ಒಬ್ಬರು ತಿಳಿಸಿದರೆ ತಾಣಗಳು 48 ಗಂಟೆಯೊಳಗೆ ಅದನ್ನು ತೆಗೆಯಬೇಕು. ಅದಕ್ಕೆ ಬೇಕಾದ ಏರ್ಪಾಡು ಮಾಡಿಕೊಳ್ಳಲು ತಾಣಗಳಿಗೆ ಒಂದು ವರ್ಷ ಕೊಡಲಾಯಿತು. ಸುಳ್ಳು ದೂರು ಕೊಟ್ಟು ನ್ಯಾಯವಾದ ಮಾತನ್ನೂ ತೆಗೆಸಬಹುದಲ್ಲ ಎಂಬ ಆಕ್ಷೇಪ ಅದರ ಮೇಲೂ ಇದೆ, ಆಕ್ಷೇಪದಲ್ಲಿ ಹುರುಳೂ ಇದೆ. ಆದರೂ ಇಲ್ಲಿ ಮೊದಲ ಮಾತು ಕಡತದ್ದಲ್ಲ, ಚಿತ್ರದಲ್ಲಿರುವ ವ್ಯಕ್ತಿಯದು.

ಭಾರತದಲ್ಲಿ ಇಂಥ ದಾಖಲೆಯ ಕಾನೂನಿಲ್ಲ. ಲೈಂಗಿಕ ಚಿತ್ರವನ್ನು ತಯಾರಿಸಿ ಹಂಚುವುದೇ ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ ಇಲ್ಲಿ ಅಪರಾಧವಾದ್ದರಿಂದ, ಅದಕ್ಕೆ ಲೆಕ್ಕ ಇಡು ಎಂದು ಹೇಳುವಂತಿಲ್ಲ. ಆದರೆ ನಮ್ಮ ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಒಂದು ತೀರ್ಪು ಕೊಡುತ್ತಾ, ಮಕ್ಕಳ ವಿಷಯದಲ್ಲಿ 'ಪೋರ್ನೋಗ್ರಫಿ' ಎಂಬ ಪದವನ್ನೇ ಬಳಸಬೇಡಿ, ಅದು ಮಕ್ಕಳ ಲೈಂಗಿಕ ಶೋಷಣೆಯ ವಸ್ತು ಎಂದೇ ಹೇಳಿ ಎಂದಿತು. ಮೊದಲ ಪದದಲ್ಲಿ ಎಲ್ಲೋ ಒಂದು ಕಡೆ ಒಪ್ಪಿಗೆಯ ವಾಸನೆ ಇದೆ ಎಂಬುದು ನ್ಯಾಯಾಲಯದ ಆತಂಕ. ಪದಗಳೊಂದಿಗೆ ಬದುಕುವ ನಮಗೆ ಈ ತಿದ್ದುಪಡಿ ಸಣ್ಣದೆನಿಸಲಿಲ್ಲ.

ಅಮೆರಿಕದಲ್ಲಿ ಜಗಳ ಈಗ ಕ್ಯಾಮೆರಾದ ಮುಂದಿರುವವರಿಂದ ಪರದೆಯ ಮುಂದಿರುವವರ ಕಡೆಗೆ ಸರಿದಿದೆ. ಲೈಂಗಿಕ ಚಿತ್ರಗಳ ತಾಣಕ್ಕೆ ಬರುವವರ ವಯಸ್ಸನ್ನು ಪರಿಶೀಲಿಸಬೇಕೆಂದು ಟೆಕ್ಸಸ್ ರಾಜ್ಯ 2023ರಲ್ಲಿ ಕಾನೂನು ಮಾಡಿತು. ಅದೇ ಫ್ರೀ ಸ್ಪೀಚ್ ಕೊಯಲಿಷನ್ ಮತ್ತೆ ನ್ಯಾಯಾಲಯಕ್ಕೆ ಹೋಯಿತು, 2025ರ ಜೂನ್ 27ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಟೆಕ್ಸಸ್ಸಿನ ಪರ ತೀರ್ಪು ಕೊಟ್ಟಿತು. ಮಕ್ಕಳು ನೋಡಬಾರದ್ದನ್ನು ನೋಡದಂತೆ ತಡೆಯುವಾಗ ವಯಸ್ಕರಿಗೆ ಸ್ವಲ್ಪ ಅಡಚಣೆಯಾದರೆ ಸಹಿಸಿಕೊಳ್ಳಬೇಕು ಎಂಬುದು ಬಹುಮತದ ಮಾತು. ನೋಡುವವರ ಹೆಸರು ಎಲ್ಲಿ ಉಳಿದುಬಿಡುತ್ತದೋ ಎಂಬ ಭಯ ಅಲ್ಲಿ ಬಹಳ ಚರ್ಚೆಯಾಗಿದೆ. ಟೆಕ್ಸಸ್ಸಿನ ಕಾನೂನು ಮಾಡಿದವರು ಅದನ್ನು ಮೊದಲೇ ಯೋಚಿಸಿದ್ದರು. ವಯಸ್ಸು ಪರಿಶೀಲಿಸಿದ ಮೇಲೆ ನೋಡುಗನ ಗುರುತಿನ ಯಾವ ಮಾಹಿತಿಯನ್ನೂ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ದಂಡ. ಪರದೆಯ ಆ ಬದಿಯಲ್ಲಿರುವವಳ ಚೀಟಿಯನ್ನು, ಅವಳ ಎಲ್ಲ ಹೆಸರುಗಳ ಸಮೇತ, ಏಳು ವರ್ಷ ಇಡಬೇಕೆಂಬ ನಿಯಮ ಹಾಗೆಯೇ ಪುಸ್ತಕದಲ್ಲಿದೆ.